ವಾರಕ್ಕೆ ಇಪ್ಪತ್ತೊಂದು ಗಂಟೆ

ಮನೆ ಕಟ್ಟಿ ನೋಡು ಎನ್ನುತ್ತಾರಲ್ಲ,
ನಾವು ನಲವತ್ತು ಕಟ್ಟಿದೆವು,
ಯಾವುದು ಯಾರದೆಂದು ತಿಳಿಯದೆ.

ಮೊಂತೆವಿದೇವೊದಲ್ಲಿ ಮನೆಗಳಿಗೇನು ಬರವಿರಲಿಲ್ಲ.
ಹಳೆಪೇಟೆಯಲ್ಲಿ ಬಾಗಿಲಿಗೆ ಇಟ್ಟಿಗೆ ಕಟ್ಟಿ,
ಕಿಟಕಿಗೂ ಇಟ್ಟಿಗೆ ಕಟ್ಟಿ,
ಒಡೆಯರು ಎಲ್ಲೋ ಕೂತು ಬೆಲೆ ಏರಲೆಂದು ಕಾಯುತ್ತಿದ್ದರು.
ಒಳಗೆ ಪಾರಿವಾಳಗಳು ಬಾಡಿಗೆಯಿಲ್ಲದೆ ಸಂಸಾರ ಹೂಡಿದ್ದವು.
ಎದುರಿನ ವಠಾರದಲ್ಲಿ ನಾನು, ಮಗಳು ಯಾಮಿಲಾ,
ಒಂದೇ ಕೋಣೆ. ಹನ್ನೊಂದು ಕುಟುಂಬಕ್ಕೆ ಒಂದು ಬಚ್ಚಲು.
ಸಂಬಳದ ಅರ್ಧ ತಿಂಗಳ ಮೊದಲ ದಿನವೇ
ಮಾಲಕಿಯ ಏಪ್ರನ್ನಿನ ಜೇಬಿಗೆ.

ಆಸ್ಪತ್ರೆಯಲ್ಲಿ ರಾತ್ರಿ ನೆಲ ಒರೆಸುವವಳು ನಾನು.
ವಾಶಿಂಗ್ಟನ್ ಒಲಿವೇರಾ ಬಸ್ಸು ಓಡಿಸುವವನು:
ಹೆಸರಿಗೆ ರಾಜಧಾನಿ, ಮಲಗುವುದು ಮಾವನ ಗ್ಯಾರೇಜಿನಲ್ಲಿ.
ದೆಲ್ಮಿರಾ ಔಷಧಿ ಅಂಗಡಿಯ ಲೆಕ್ಕದವಳು.
ಕರಣೆಯನ್ನು ಯಾವ ಕೈಯಲ್ಲಿ ಹಿಡಿಯಬೇಕೆಂದು
ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಸೆರ್ರೊ ಗುಡ್ಡದ ಹಿಂದೆ, ಮುಚ್ಚಿದ ಮಾಂಸದ ಕಾರ್ಖಾನೆ ಪಕ್ಕ
ಸರ್ಕಾರ ಜಾಗ ತೋರಿಸಿತು, ಸಾಲ ಕೊಟ್ಟಿತು.
ಉಳಿದದ್ದನ್ನು ಬೆವರಿನಲ್ಲಿ ತುಂಬಿ ಎಂದಿತು:
ಮನೆಗೊಂದು ಆಳು, ವಾರಕ್ಕೆ ಇಪ್ಪತ್ತೊಂದು ಗಂಟೆ.
ದೆಲ್ಮಿರಾ ನೀಲಿ ರಟ್ಟಿನ ನೋಟುಬುಕ್ಕು ತೆರೆದಳು.

ಅಯ್ಯೋ ಆ ಪುಸ್ತಕ!
ಜ್ವರ ಬಂದರೆ ಸೊನ್ನೆ.
ಐದು ನಿಮಿಷ ತಡವಾದರೆ ಐದು ನಿಮಿಷ.
ಮಾತೆ ಕುಡಿಯುವ ಸೋರೆಬುರುಡೆ ಕೈಯಿಂದ ಕೈಗೆ ಸುತ್ತುವಾಗ
ಅವಳ ಕಣ್ಣು ಗಡಿಯಾರದ ಮೇಲೆ.
ಬಸುರಿ ಮಿರ್ತಾ ಕೂತು ತಂತಿ ಬಾಗಿಸಿದ್ದು
ಪೂರ್ತಿ ಗಂಟೆಯೋ, ಅರ್ಧವೋ?
ಮೂರು ಭಾನುವಾರ ಜಗಳ, ಆಮೇಲೆ ಮತದಾನ.
ಪೂರ್ತಿ ಎಂದು ಗೆದ್ದದ್ದು ಎರಡೇ ಮತದಿಂದ.
ಸೋತವರಲ್ಲಿ ನಾನೂ ಒಬ್ಬಳು.
ಅದನ್ನು ಮಿರ್ತಾಳಿಗೆ ಇನ್ನೂ ಹೇಳಿಲ್ಲ.

ಒಂದು ಚಳಿಗಾಲ ಸಾಲದ ಕಂತು ಬರಲೇ ಇಲ್ಲ.
ನದಿಯ ಕಡೆಯಿಂದ ಗಾಳಿ. ಕಬ್ಬಿಣಕ್ಕೆ ತುಕ್ಕು.
ಸಿಮೆಂಟು ಕಳವಾಗದಂತೆ ಸರದಿಯಲ್ಲಿ ರಾತ್ರಿ ಕಾವಲು,
ಕಾಯಲು ಉಳಿದದ್ದು ಎಂಟು ಮೂಟೆ.
ಆರು ಕುಟುಂಬ ಬಿಟ್ಟುಹೋದವು.
ಹೋದವರನ್ನು ಬೈಯಲು ನಮಗೆ ಬಾಯಿರಲಿಲ್ಲ,
ಅವರೆಬ್ಬಿಸಿದ ಗೋಡೆಗಳ ಮೇಲೇ
ನಾವು ಛಾವಣಿ ಹೊದಿಸಿದ್ದು.

ಮಗಳು ಮಲಗುವ ಕೋಣೆ ಯಾವುದೋ ತಿಳಿಯದ್ದಕ್ಕೆ
ಎಲ್ಲ ಕೋಣೆಗಳಲ್ಲೂ ಅವಳೇ ಮಲಗುವಳೆಂಬಂತೆ
ಗಾರೆ ಮೆತ್ತಿದೆ.
ಹಾಗೆ ಹೇಳುವುದು ಈಗ ಸುಲಭ.
ಸೊಂಟ ಬಿದ್ದುಹೋದ ದಿನ
ಯಾರದೋ ಏನೋ, ಬಿಡು, ಎಂದು
ಮೂಲೆಯನ್ನು ಹಾಗೇ ಬಿಟ್ಟದ್ದೂ ಉಂಟು.

ಇಪ್ಪತ್ತಮೂರನೆಯ ಮನೆಯಂತೂ ಸೊಟ್ಟ.
ತೂಕದ ಗುಂಡು ತೂಗುಬಿಡಲು ಕಲಿಯುವ ಮೊದಲೇ
ಎಲ್ಲರೂ ಸೇರಿ ಕಟ್ಟಿದ್ದು, ನೆಲ ಕೂಡ ವಾಲಿತ್ತು.
ಕೆಡವೋಣವೆಂದರೆ ಇಟ್ಟಿಗೆಗೆ ದುಡ್ಡಿಲ್ಲ.
ಅದರ ಮುಂದೆ ಹಾದಾಗಲೆಲ್ಲ
ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಕೊನೆಗೆ ಬಿಸ್ಕತ್ತಿನ ಡಬ್ಬಿಯಲ್ಲಿ ಚೀಟಿಗಳು.
ಎತ್ತಿದ್ದು ಮಿರ್ತಾಳ ಮಗ, ಎರಡೂವರೆ ವರ್ಷದವನು,
ಒಂದು ಚೀಟಿಯನ್ನು ಬಾಯಿಗೂ ಹಾಕಿಕೊಂಡ.
ನನಗೆ ಒಂಬತ್ತು. ವಾಶಿಂಗ್ಟನ್‌ಗೆ ಮೂವತ್ತು.
ಒದ್ದೆ ಚೀಟಿ ಬಿಡಿಸಿದರೆ ಇಪ್ಪತ್ತಮೂರು:
ದೆಲ್ಮಿರಾ.

ಯಾರೂ ಉಸಿರೆತ್ತಲಿಲ್ಲ. ಅವಳು
ಬದಲಿಸಿಕೊಡಿ ಎನ್ನಲಿಲ್ಲ, ನಗಲೂ ಇಲ್ಲ.
ಬೀಗದ ಕೈ ತೆಗೆದುಕೊಂಡು,
ಸಮಯ ಬರೆದುಕೊಂಡು, ಹೊರಟಳು.

ಈ ಮನೆಗಳನ್ನು ಮಾರುವಂತಿಲ್ಲ.
ಇರಬಹುದು, ಮಕ್ಕಳಿಗೆ ಬಿಡಬಹುದು,
ಬೆಲೆ ಏರಲೆಂದು ಕಾಯುವಂತಿಲ್ಲ.
ಕಾಂಕ್ರೀಟು ಕಲೆಸುವ ಯಂತ್ರವನ್ನು
ಆಚೆ ಬಯಲಿನ ಹೊಸ ಗುಂಪಿಗೆ ಕೊಟ್ಟಿದ್ದೇವೆ,
ಅವರಿಗಿನ್ನೂ ಜಾಗದ ಕಾಗದ ಬಂದಿಲ್ಲ.

ಮೊನ್ನೆ ಆ ಗುಂಪಿನ ಹುಡುಗಿಯೊಬ್ಬಳು ಬಂದಳು,
ಗಂಟೆಗಳ ಲೆಕ್ಕ ಇಡುವುದು ಹೇಗೆ ಎಂದು.
ದೆಲ್ಮಿರಾ ಬಗ್ಗಿ
ಊಟದ ಮೇಜಿನ ಕಾಲ ಕೆಳಗಿಂದ
ನೀಲಿ ಪುಸ್ತಕ ಎಳೆದಳು.
ಮೇಜು ವಾಲಿತು, ಬುರುಡೆ ಜಾರಿತು,
ಹುಡುಗಿ ಗಪ್ಪನೆ ಹಿಡಿದಳು.

ನೋಡಿದ್ದೇನಲ್ಲ ನಾನು:
ಗಡಿಯಾರದ ಕಡೆ ಒಮ್ಮೆ ಕಣ್ಣು ಹಾಯಿಸಿ
ದೆಲ್ಮಿರಾ ಹೇಳಿದಳು,
ಕೂತುಕೋ.