ಮೂವತ್ತೊಂದರ ಲೆಕ್ಕ

ನಾಳೆಯಿಂದ ಎರಡು ತಿಂಗಳು ಬೋಟು ನೀರಿಗಿಳಿಯುವುದಿಲ್ಲ.
ನಾಳೆಯೇ ಶಾಲೆ ಶುರು.
ಇವೆರಡನ್ನೂ ಕ್ಯಾಲೆಂಡರಿನ ಒಂದೇ ಚೌಕದಲ್ಲಿ ಕೂರಿಸಿದವರು ಯಾರೋ,
ಅವರ ಮನೆಯಲ್ಲಿ ಮಕ್ಕಳಿರಲಿಕ್ಕಿಲ್ಲ.

ಬೈತಖೋಲ ಧಕ್ಕೆಯಿಂದ ಇವರು ತಂದ ಕಡೆಯ ಪಾಲು
ಸ್ಟೀಲಿನ ಡಬ್ಬಿಯಲ್ಲಿದೆ. ನೋಟಿಗಿನ್ನೂ ಬಂಗಡೆಯ ವಾಸನೆ.
ಅಕ್ಕಿಗೆ, ಗ್ಯಾಸಿಗೆ, ಸಂಘದ ಕಂತಿಗೆ ಎತ್ತಿಟ್ಟ ಮೇಲೆ
ಉಳಿದದ್ದು ಸಾವಿರದ ನೂರ ಐವತ್ತು.
ಮಕ್ಕಳು ಮೂವರು.
ತಲೆಗೆ ಮುನ್ನೂರ ಎಂಬತ್ತಮೂರು, ಶೇಷ ಒಂದು.
ಭಾಗಾಕಾರ ನನಗೆ ಬರುತ್ತದೆ.
ಶೇಷವನ್ನು ಯಾರ ತಟ್ಟೆಗೆ ಹಾಕುವುದೆಂದು
ಯಾವ ಮಾಸ್ತರರೂ ಹೇಳಿಕೊಡಲಿಲ್ಲ.

ಪುಸ್ತಕ ಸರಕಾರದ್ದು, ಬಂದಾಗ ಬಂತು.
ಸಮವಸ್ತ್ರದ ಬಟ್ಟೆ ಚೌತಿಯೊಳಗೆ ಬಂದರೆ ಪುಣ್ಯ.
ಹಳೆಯ ಲಂಗದ ಅಂಚು ಬಿಚ್ಚಿದೆ.
ಎರಡು ಬೆರಳು ಇಳಿಯಿತು:
ಮಡಿಕೆಯೊಳಗೆ ಬಿಸಿಲು ಕಾಣದ ನೀಲಿ,
ಮೇಲೆ ತೊಳೆದು ತೊಳೆದು ಮಾಸಿದ ನೀಲಿ,
ನಡುವೆ, ಭರತ ಬಂದು ಹೋದ ದಂಡೆಯ ಹಾಗೆ, ಒಂದು ಗೆರೆ.
"ಎಲ್ಲರಿಗೂ ಕಾಣ್ತದೆ" ಅಂದಳು ಉತ್ಕರ್ಷಾ.
"ಉದ್ದ ಆಗಿದ್ದೀ ಅಂತ ಕಾಣ್ತದೆ."
ಅವಳು ನಗಲಿಲ್ಲ. ಎಂಟನೇ ಇಯತ್ತೆ.

ರವಿವಾರದ ಸಂತೆಯಲ್ಲಿ ಕೊಡೆ ರಿಪೇರಿಯ ಬಾಬುಸಾಬ
ಸತ್ತ ಮೂರು ಕೊಡೆಗಳಲ್ಲಿ ಎರಡನ್ನು ಬದುಕಿಸಿಕೊಟ್ಟ.
ಒಂದು ಪೂರ್ತಿ ಕಪ್ಪು,
ಇನ್ನೊಂದಕ್ಕೆ ಕಪ್ಪಿನ ನಡುವೆ ಒಂದೇ ಪಟ್ಟಿ ಹೂವು.
ನಾನೂ ಮೀನು ಮಾರುವವಳು, ಚೌಕಾಶಿಗೆ ನಿಂತೆ.
ಹೂವಿಗೆ ಮಾತ್ರ ಅವನು ಕಾಸು ಕೇಳಲಿಲ್ಲ.

ಸಾಯೀಶನಿಗೆ ಪ್ಲಾಸ್ಟಿಕ್ ಚಪ್ಪಲಿ, ಎರಡು ನಂಬರು ದೊಡ್ಡದು;
ಬರುವ ವರ್ಷವೂ ಕಾಲು ಇರುತ್ತದಲ್ಲ ಅವನಿಗೆ.
ಮನೆಯಿಡೀ ಪಟ್ ಪಟ್ ಎಂದು ನಡೆಯುತ್ತಿದ್ದಾನೆ,
ಬಾತುಕೋಳಿಗೆ ನೌಕರಿ ಸಿಕ್ಕ ಹಾಗೆ.

ಸಣ್ಣವಳ ಚೀಲದ ಹೆಗಲಪಟ್ಟಿ ಕಿತ್ತಿತ್ತು.
ಇವರು ಬಲೆಯ ದಾರದಲ್ಲಿ ಹೊಲಿದು, ಎಳೆದು ನೋಡಿ,
"ಬಂಗಡೆಯ ಹಿಂಡನ್ನೇ ತಡೆಯುವ ಗಂಟು ಇದು,
ಎರಡನೇ ಇಯತ್ತೆ ತಡೆಯೋದಿಲ್ವಾ?" ಅಂದರು.

ರಾತ್ರಿ ಏಳಕ್ಕೆ ಹಳೆಯ ಪಟ್ಟಿಗಳನ್ನು ಹರಡಿಕೊಂಡು ಕೂತೆವು.
ಬರೆಯದ ಹಾಳೆ ನಾನು ಬಿಡಿಸುವುದು,
ಬಲೆಯ ಸೂಜಿಯಲ್ಲಿ ಇವರು ಪೋಣಿಸುವುದು.
ಸಾಯೀಶನದರಲ್ಲಿ ಉಳಿದದ್ದು ಆರು, ಅದರಲ್ಲೂ ಎರಡರಲ್ಲಿ ವಿಮಾನ.
ಆಮೇಲೆ ಉತ್ಕರ್ಷಾಳ ಸಮಾಜ ವಿಜ್ಞಾನ.

ಒಂದು ಗೆರೆಯೊಳಗೆ ಎರಡು ಸಾಲು.
ಇರುವೆ ಹೋದ ಹಾಗೆ ಅಕ್ಷರ.
ಅಂಚಿನಲ್ಲಿ ಟೀಚರ ಕೆಂಪು ಶಾಯಿ:
ದೊಡ್ಡದಾಗಿ ಬರೆ, ಓದಲು ಆಗುವುದಿಲ್ಲ.
ಎಂಟು ಪುಟದಾಚೆ: ಹೇಳಿದ್ದು ಕೇಳಿಸಲಿಲ್ಲವೇ?
ಆಮೇಲೆ ಖಾಲಿ.
ಅರವತ್ತೆರಡು ಹಾಳೆ.
ಗಣಿತದಲ್ಲೂ ಹಾಗೆ. ಕನ್ನಡದಲ್ಲೂ.
ವರ್ಷವಿಡೀ ಉಳಿಸಿದ್ದಾಳೆ ಹುಡುಗಿ,
ಯಾರಿಗೂ ಹೇಳದೆ, ಬೈಗುಳ ತಿಂದುಕೊಂಡು,
ನಾನು ಸಾಸಿವೆ ಡಬ್ಬಿಯಲ್ಲಿ ಉಳಿಸುವ ಹಾಗೆ.

"ಅದನ್ನು ಹರಿಯಬೇಡಿ" ಅಂದೆ ಇವರಿಗೆ.
ಇವರು ಸೂಜಿ ಹಿಡಿದುಕೊಂಡೇ ನನ್ನ ಮುಖ ನೋಡಿದರು.

ಅಂಗಡಿ ಎಂಟೂವರೆಗೆ ಮುಚ್ಚುತ್ತದೆ. ಎಂಟೂ ಕಾಲಿಗೆ ಓಡಿದೆ,
ಗ್ಯಾಸಿನ ದುಡ್ಡಿನಿಂದ ಒಂದು ನೋಟು ಎಳೆದುಕೊಂಡು.
ಅಂಗಡಿಯವನು ಮೂಗು ಸುಕ್ಕಿಸಿದ. ಸುಕ್ಕಿಸಲಿ.
ಇನ್ನೂರು ಪುಟ, ಉದ್ದದ್ದು, ಗಟ್ಟಿ ರಟ್ಟು,
ಮೇಲೆ ಅಚ್ಚಿನಲ್ಲಿ: ಅಭ್ಯಾಸ ಪುಸ್ತಕ.

"ಇದು ನಿಂದು. ಯಾರಿಗೂ ಉಳಿಸೋದು ಬೇಡ.
ಪುಟಕ್ಕೊಂದೇ ವಾಕ್ಯ ಬರಿ ಬೇಕಾದ್ರೆ, ಮಾರಾಯ್ತಿ."
ಅವಳು ಮೂಸಿ ನೋಡಿದಳು. ಪೆನ್ಸಿಲು ಚೂಪು ಮಾಡಿದಳು.
ಬೊಗಸೆಯಷ್ಟು ದೊಡ್ಡ ಚೀಟಿಯ ಒಂದು ಮೂಲೆಯಲ್ಲಿ,
ರಾಗಿ ಕಾಳಿನಷ್ಟು ಸಣ್ಣಗೆ,
ಉತ್ಕರ್ಷಾ ಗ. ಹರಿಕಂತ್ರ.

"ಎಂತಕ್ಕೆ ಹೀಗೆ ಮತ್ತೆ?"
"ಅಭ್ಯಾಸ" ಅಂದಳು, ತಲೆ ಎತ್ತದೆ.

ರಬ್ಬರು ಹುಡುಕಿಕೊಟ್ಟೆ.
ಅದೂ ಅರ್ಧವೇ. ಇನ್ನರ್ಧ ಸಾಯೀಶನ ಡಬ್ಬಿಯಲ್ಲಿದೆ.