ಖಾಲಿ ಮನಿ

ದಸರೆ ಮುಗಿದರೆ ನಮ್ಮ ಪ್ರೆಸ್ಸಿಗೆ ಬರುವ ವರ್ಷ ಬಂದುಬಿಡುತ್ತದೆ.
ವಿಜಯಪುರ, ತಾಜ್ ಬಾವಡಿ ಹಿಂದಿನ ಓಣಿ, ಸೀಮೆಎಣ್ಣೆ ನಾತ,
ದಾರಕ್ಕೆ ತೂಗಿದ ಹಸಿ ಹಾಳೆಗಳಲ್ಲಿ
ಇನ್ನೂ ಹುಟ್ಟದ ಮಂಗಳವಾರಗಳು.
ನಾನು ಕರಡು ತಿದ್ದುವವ. ಒಂದೊಂದು ತಿಂಗಳಿಗೆ
ಮೂರು ಹೆಸರು, ಮೂರೂ ತಪ್ಪಬಾರದು.

ಜೈತುನಬಿ ತಗಡಿನ ಪಟ್ಟಿ ಬಡಿಯುತ್ತ ಕೇಳಿದಳು:
"ಸೆಪ್ಟೆಂಬರ್ ಅಂದ್ರೇನ್ರಿ ಮಾಸ್ತರ?"
ಏಳು, ಅಂದೆ.
"ಒಂಬತ್ತನೇದಕ್ಕ ಏಳಂತಾರ?"
ಹಿಂದೆ ರೋಮಿನವರ ವರ್ಷ ಮಾರ್ಚಿಗೆ ಸುರುವಾಗುತ್ತಿತ್ತಂತೆ,
ಆಮೇಲೆ ಇಬ್ಬರು ಬಂದು ಮುಂದೆ ಕೂತರು,
ಹೆಸರು ತಿದ್ದಲು ಯಾರಿಗೂ ಪುರಸೊತ್ತಾಗಲಿಲ್ಲ.
"ನಮ್ಮ ಓಣಿ ಸಣ್ಣಪ್ಪನಂಗ. ಆರು ಫೂಟ ಅದಾನ."

ಜುಲೈ, ಆಗಸ್ಟ್ ದೊರೆಗಳ ಹೆಸರು ಅಂದಾಗ
ಸುತ್ತಿಗೆ ನಿಲ್ಲಲಿಲ್ಲ.
ಬಾವಿಗೆ, ಬಾಗಿಲಿಗೆ, ಗೋರಿಗೆ ದೊರೆಗಳ ಹೆಸರಿರುವ ಊರಲ್ಲಿ
ಮಳೆಗಾಲಕ್ಕೂ ಇದೆ ಎಂದರೆ ಏನು ವಿಶೇಷ.

ಚೈತ್ರಕ್ಕೆ ಬಂದಾಗ ನಿಂತಿತು.
ಹುಣ್ಣಿಮೆ ರಾತ್ರಿ ಚಂದ್ರ ಯಾವ ಚುಕ್ಕಿಯ ಮನೆಯಲ್ಲಿ ಉಳಿಯುತ್ತಾನೋ
ತಿಂಗಳಿಗೆ ಆ ಹೆಸರು. ಚಿತ್ರೆಯಾದರೆ ಚೈತ್ರ,
ಕೃತ್ತಿಕೆಯಾದರೆ ಕಾರ್ತೀಕ.
"ವಸ್ತಿ ಬಸ್ಸಿನ ಬೋರ್ಡು" ಅಂದಳು.

ನಿನ್ನದು ಯಾವ ತಿಂಗಳು?
"ಖಾಲಿ."
ಏನು ಖಾಲಿ?
"ಹೆಸರೇ ಖಾಲಿ. ನೀವು ಜಿಲ್ಕಾದ್ ಅಂತ ಬರದೀರಲ್ಲ, ಅದು.
ರಂಜಾನ್ ಈದ್ ಮುಗದಿರತೈತಿ, ಬಕ್ರೀದ್ ಬಂದಿರೂದಿಲ್ಲ.
ಹಬ್ಬಿಲ್ಲ, ಮದಿವಿ ಮಾಡೂದಿಲ್ಲ.
ಇಂಥಾದ್ರಾಗ ಯಾಕ ಬಂದ್ಯವಾ ಅಂತಿದ್ಲು ನಮ್ಮ ದಾದಿ.
ಅಮ್ಮಾ ಮಾತ್ರ, ಉಳದ ತಿಂಗಳದಾಗ ಜಾಗಾ ಎಲ್ಲಿತ್ತು,
ಬರೇ ಗದ್ದಲ, ಅಂತಿದ್ಲು."

ಸಂಜೆ ಸಾಹುಕಾರರು ಬಂದರು.
ತಿಂಗಳು ಬುಧವಾರ ಸುರುವಾದರೆ
ಮೇಲಿನ ಸಾಲಲ್ಲಿ ಮೂರು ಮನಿ ಖಾಲಿ ಉಳಿಯುತ್ತವೆ.
"ಪುಕ್ಕಟೆ ಜಾಗಾ ಬಿಡಬ್ಯಾಡ್ರಿ, ಜಾಹೀರಾತು ತುಂಬ್ರಿ."
ಬನಿಯನ್ನು, ಊದಿನಕಡ್ಡಿ, ಬೋರಿನ ಮೋಟಾರು,
ಹನ್ನೆರಡೂ ಹಾಳೆ ತುಂಬಿಸಿದೆ.
ಒಂದು ಹಾಳೆಯಲ್ಲಿ ಒಂದು ಮನಿ ಬಿಟ್ಟೆ.
ಕೇಳಿದರೆ ಕಣ್ತಪ್ಪು ಅಂದರಾಯಿತು,
ಮೂವತ್ತು ವರ್ಷಕ್ಕೊಂದು.

ಆಕೆಗೆ ಹೇಳಲಿಲ್ಲ. ಆಕೆ ಓದುವುದು ಅಂಕಿ ಮಾತ್ರ.
ಪಟ್ಟಿ ಬಡಿದು, ದಾರ ಏರಿಸಿ, ನೂರು ನೂರು ಎಣಿಸಿ
ಕಟ್ಟು ಕಟ್ಟುತ್ತಿದ್ದವಳು
ಒಂದನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದಳು.
"ಇಲ್ಲೊಂದು ಕಡೆ ಶಾಯಿ ಹತ್ತಿಲ್ಲ ನೋಡ್ರಿ."
ನಾನು ಕನ್ನಡಕ ಒರೆಸುತ್ತಿದ್ದೆ.
"ಇರ್ಲಿ ಬಿಡ್ರಿ. ಯಾರರ ಹಾಲಿನ ಲೆಕ್ಕ ಬರಕೋತಾರ."