ಏಳೂ ಇಪ್ಪತ್ತರ ವ್ಯಾನು

ಸಿಮೊ ನದಿ ಸಮುದ್ರದ ಕಡೆ ಹೊರಳುವಲ್ಲಿ
ಅರ್ಧ ಹಳದಿ ಮನೆಯ ಮುಂದೆ, ಏಳೂ ಇಪ್ಪತ್ತಕ್ಕೆ,
ಶಾಲೆಯ ವ್ಯಾನು ನಿಲ್ಲಿಸುತ್ತೇನೆ.
ಇನ್ನರ್ಧ ಹಳೆಯ ನೀಲಿ. ಆಗಸ್ಟಿನಿಂದ ಹಾಗೇ ಇದೆ,
ಗೋಡೆಗೊರಗಿದ ಏಣಿಯೂ.
ಡಿಸೆಂಬರು. ಸೂರ್ಯ ಹನ್ನೊಂದರ ಹತ್ತಿರ ಬಂದು
ಹೊಸಿಲಲ್ಲೇ ನಿಂತು ಹೊರಟುಬಿಡುವ ನೆಂಟ.

ಹಾರ್ನ್ ಹೊಡೆಯುವುದಿಲ್ಲ ನಾನು.
ಮೊದಲು ಕಿಟಕಿ ಓದುತ್ತೇನೆ.
ಅಡುಗೆಮನೆಯಲ್ಲಷ್ಟೇ ದೀಪವಿದ್ದರೆ
ಕೆರ್ತು ಎದ್ದು ತಮ್ಮನಿಗೆ ಗಂಜಿ ಕಾಯಿಸುತ್ತಿದ್ದಾಳೆ.
ಮನೆಯಿಡೀ ಬೆಳಕಿದ್ದರೆ
ಅವಳಮ್ಮ ಮೂರು ರಾತ್ರಿಯಿಂದ ಮಲಗಿಲ್ಲ.

ಬರುತ್ತಾಳೆ. ಓಯ್ವನ ಟೋಪಿ ಕಿವಿ ಮುಚ್ಚಿದೆ,
ಕೈಗವಸು ಜೊತೆಯಾಗಿವೆ, ಬೂಟಿಗೆ ಎರಡು ಗಂಟು.
ಅವಳ ತಲೆ ಮಾತ್ರ ಬಾಚಿಲ್ಲ.
'ಅಮ್ಮನಿಗೆ ನೆಗಡಿ' ಅನ್ನುತ್ತಾಳೆ, ನಾನು ಕೇಳದಿದ್ದರೂ.
ನಾಲ್ಕು ತಿಂಗಳ ನೆಗಡಿ.
ಹೂಂ ಅನ್ನುತ್ತೇನೆ.

ನಾನೂ ಇಂಥ ಮನೆಯವಳೇ.
ಅಪ್ಪನ ಬೀಗದಕೈ ಒಂದೇ ಸಲಕ್ಕೆ ತೂತು ಹೊಕ್ಕರೆ
ಲೆಕ್ಕದ ಪುಸ್ತಕ; ಮೂರು ಸಲ ತಡಕಿದರೆ
ಮಂಚದಡಿ. ಊರಿಗೆಲ್ಲ ಗೊತ್ತಿತ್ತು.
ಗೊತ್ತಿರುವುದು ಬೇರೆ, ಬಾಗಿಲು ತಟ್ಟುವುದು ಬೇರೆ.
ಅಂಚೆಯ ಹಿಲ್ಯಾ ಒಬ್ಬಳೇ
ಕಾಗದವಿಲ್ಲದ ದಿನವೂ ನಮ್ಮತ್ತ ಸೈಕಲು ತಿರುಗಿಸಿ
'ಇವತ್ತು ನಿಮಗೇನೂ ಇಲ್ಲ' ಎಂದು
ಹೇಳಿಹೋಗಲೆಂದೇ ಬರುತ್ತಿದ್ದಳು.
ಆ 'ಏನೂ ಇಲ್ಲ'ವನ್ನು ಹಿಡಿದುಕೊಂಡು
ಎಷ್ಟು ಸಂಜೆ ದಾಟಿದ್ದೇನೆ.

ಒಂದು ಬೆಳಗ್ಗೆ ಸೇತುವೆಯ ಮೇಲೆ, ಹಿಂದಿನಿಂದ,
ಓಯ್ವ ನಿದ್ದೆಹೋದ ಮೇಲೆ, ಕೆರ್ತು:
'ಏಣಿ ಹಿಡಿ ಅಂದಿದ್ದಳು. ನಾನು ಈಜಲು ಹೋದೆ.
ವಾಪಸು ಬಂದಾಗ ಇಳಿದು ಮಲಗಿಬಿಟ್ಟಿದ್ದಳು.
ಹಿಡಿದಿದ್ದರೆ?'

ಸೇತುವೆ ದಾಟಿ ವ್ಯಾನು ಬದಿಗೆ ಹಾಕಿದೆ.
ಏನು ಹೇಳಿದೆನೋ, ಎಲ್ಲ ನೆನಪಿಲ್ಲ.
ಕಾಯಿಲೆ ಎಂದೆ. ಅದಕ್ಕೊಂದು ಹೆಸರಿದೆ ಎಂದೆ,
ಡಾಕ್ಟರರ ಚೀಟಿಯಲ್ಲಿ ಏಣಿಯ ಮಾತಿಲ್ಲ,
ಈಜಿನ ಮಾತೂ ಇಲ್ಲ ಎಂದೆ.
ನಂಬಲಿಲ್ಲ. ಮರುದಿನ ಮತ್ತೆ ಹೇಳಿದೆ.
ಅದರ ಮರುದಿನ ಅವಳೇ ಕೇಳಿದಳು,
'ಚೀಟಿಯಲ್ಲಿ ಖಂಡಿತ ಇಲ್ಲವಾ?'

ಆಮೇಲೆ, 'ಶಾಲೆಯ ನರ್ಸಿಗೆ ಹೇಳುತ್ತೇನೆ,' ಅಂದೆ.
'ನಿನ್ನ ಬೆನ್ನ ಹಿಂದೆ ಅಲ್ಲ, ನಿನಗೆ ಹೇಳಿಯೇ.'
ಒಂಬತ್ತು ದಿನ ತುಟಿ ಬಿಚ್ಚಲಿಲ್ಲ.
ಕೊನೆಯ ಸೀಟು, ಕಿಟಕಿಗಂಟಿದ ಹಣೆ,
ಕನ್ನಡಿಯಲ್ಲಿ ನನ್ನನ್ನು ಸುಡುವ ಎರಡು ಕಣ್ಣು.
ಸರಿ ಮಾಡಿದೆನೆಂಬ ಧೈರ್ಯ ನನಗೂ ಇರಲಿಲ್ಲ.
ಮಕ್ಕಳನ್ನು ಎಳೆದೊಯ್ಯುತ್ತಾರೆಂದು
ನಾನೂ ಒಮ್ಮೆ ಹೀಗೇ ಹಲ್ಲು ಕಚ್ಚಿದ್ದೆನಲ್ಲ.

ಯಾರೂ ಎಳೆದೊಯ್ಯಲಿಲ್ಲ.
ಸಂಜೆಗೆ ಒಬ್ಬಾಕೆ ಬರುತ್ತಾಳೆ, ಅಡುಗೆಗೆ, ಮಾತ್ರೆಗೆ.
ಅಮ್ಮ ಕೆಲವು ದಿನ ಮೇಜಿಗೆ ಬರುತ್ತಾಳೆ, ಕೆಲವು ದಿನ ಇಲ್ಲ.
ಗುರುವಾರ ಶಾಲೆಯ ಹಿಂದಿನ ಕೋಣೆಯಲ್ಲಿ
ನಾಲ್ಕೈದು ಮಕ್ಕಳು ಏಲಕ್ಕಿ ಬನ್ನು ಬೇಯಿಸುತ್ತಾರೆ.
ಓಯ್ವ ಪಕ್ಕದ ಹುಡುಗನನ್ನು ಕೇಳಿದನಂತೆ:
'ನಿಮ್ಮಮ್ಮನೂ ನಿದ್ದೆ ಮಾಡಲ್ವಾ?'
'ನಮ್ಮಪ್ಪ. ಬಾಟ್ಲಿ.'
'ಓ.'
ಇಬ್ಬರೂ ಹಿಟ್ಟಿನ ಕೈಯಲ್ಲೇ ಸಕ್ಕರೆ ಕದ್ದರಂತೆ.

ಈಗ ಫೆಬ್ರವರಿ. ಹಿಮ ಏಣಿಯ ಮೂರನೇ ಮೆಟ್ಟಿಲಿಗೆ ಬಂದಿದೆ.
ಏಳೂ ಇಪ್ಪತ್ತು. ಏಳೂ ಇಪ್ಪತ್ತೈದು.
ಬಾಗಿಲು ಧಡಾರನೆ ತೆರೆದು ಕೆರ್ತು ಓಡಿಬರುತ್ತಾಳೆ,
ಒಂದೇ ಕೈಗವಸು, ಬಾಯಲ್ಲಿ ಬ್ರೆಡ್ಡು,
ಅರ್ಧ ದಾರಿಯಲ್ಲಿ ಬ್ಯಾಗಿಗೆಂದು ವಾಪಸು ಓಡುತ್ತಾಳೆ.
ತಡವಾಗಿ ಎದ್ದಳಂತೆ. ಯಾರೋ ಎಬ್ಬಿಸಲಿ ಎಂದು
ಮಲಗಿದ್ದಳಂತೆ.

ಕಾಯುತ್ತೇನೆ. ಇಂಜಿನ್ನು ಬೆಚ್ಚಗಿದೆ.